ಪೂರ್ಣವಾಕ್ಯ, ಅಪೂರ್ಣವಾಕ್ಯ: ಒಂದು ಬಾಲಪಾಠದ ಪೂರ್ವೇತಿಹಾಸ

ಪ್ರಾಥಮಿಕ ಶಾಲೆಯ ಎರಡನೆಯ ಅಥವಾ ಮೂರನೆಯ ತರಗತಿಯ ಮಕ್ಕಳ ಮುಂದೆ ಒಂದು ಸಣ್ಣ ಅಭ್ಯಾಸವನ್ನು ಇಡುವ ರೂಢಿಯಿದೆ. ಕೆಲವು ಪದಸಮೂಹಗಳನ್ನು ಕೊಟ್ಟು, ಇವುಗಳಲ್ಲಿ ಪೂರ್ಣವಾಕ್ಯ ಯಾವುದು, ಅಪೂರ್ಣವಾಕ್ಯ ಯಾವುದು ಎಂದು ಗುರುತಿಸಲು ಹೇಳಲಾಗುತ್ತದೆ. ಮೇಲ್ನೋಟಕ್ಕೆ ಇದಕ್ಕಿಂತ ಸುಲಭವಾದ ಪಾಠ ಮತ್ತೊಂದಿಲ್ಲ. ಆದರೆ ವಾಕ್ಯವು ಎಲ್ಲಿ ಮುಗಿಯುತ್ತದೆ, ಮುಗಿಯಿತೆಂದು ತಿಳಿಯುವ ಬಗೆ ಯಾವುದು ಎಂಬ ಪ್ರಶ್ನೆ ವೈಯಾಕರಣರಿಗೂ ಮೀಮಾಂಸಕರಿಗೂ ತಾರ್ಕಿಕರಿಗೂ ಬಹುಕಾಲ ಕೆಲಸ ಕೊಟ್ಟಿದೆ. ಕನ್ನಡದ ಮಟ್ಟಿಗೆ ಹೇಳುವುದಾದರೆ, ಸಾವಿರ ವರ್ಷಗಳಿಗೆ ಮೀರಿದ ಅವಧಿಯಲ್ಲಿ ವಾಕ್ಯದ ಮುಕ್ತಾಯವನ್ನು ಮೊದಲು ಪದದ ಕೊನೆಯ ಪ್ರತ್ಯಯವು ತೋರಿಸಿತು. ಆ ಪ್ರತ್ಯಯಗಳು ಸವೆದ ಮೇಲೆ ಆ ಭಾರವು ಕೇಳುವವನ ಕಿವಿಗೆ ಬಿತ್ತು. ತೀರ ಈಚೆಗೆ ಅಚ್ಚಿನ ಮೊಳೆಯೊಡನೆ ಪೂರ್ಣವಿರಾಮದ ಚುಕ್ಕೆ ಬಂತು. ಇಂದಿನ ಮಗುವಿಗೆ ಈ ಕೊನೆಯದನ್ನೇ ಮೊದಲು ಕಲಿಸಲಾಗುತ್ತಿದೆ. ಇದರಿಂದ ಸರಿಯಾದ ಕನ್ನಡವನ್ನೇ ಬರೆದ ಮಗುವಿನ ಉತ್ತರಕ್ಕೆ ತಪ್ಪು ಗುರುತು ಬೀಳುವ ಸಂದರ್ಭಗಳು ಉಂಟಾಗುತ್ತವೆ.

ಈ ಮಾತನ್ನು ಒರೆಗೆ ಹಚ್ಚಲು ಬೆಂಗಳೂರಿನ ಪೂರ್ವಭಾಗದ ಕೃಷ್ಣರಾಜಪುರದಂಥ ಊರು ತಕ್ಕುದಾದ ಸ್ಥಳ. ಹಳೆಯ ಮದರಾಸು ರಸ್ತೆಯ ಮೇಲಿರುವ ಈ ಊರಿನ ಪಶ್ಚಿಮಕ್ಕೆ ೧೮೦೯ರಲ್ಲಿ ನೆಲೆಗೊಂಡ ದಂಡು ಪ್ರದೇಶ. ಪೂರ್ವಕ್ಕೆ ತೆಲುಗಿನ ನುಡಿ ಬೆರೆತ ಕೋಲಾರದ ಸೀಮೆ. ೧೮೬೪ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ಬಂದ ರೈಲು ಹಾದಿ ಇದೇ ಊರನ್ನು ಹಾಯ್ದು ಹೋಯಿತು. ೧೮೮೧ರಿಂದ ೧೯೪೭ರವರೆಗೆ ದಂಡು ಪ್ರದೇಶವು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷರ ಆಡಳಿತದಲ್ಲಿದ್ದಾಗ ಕೃಷ್ಣರಾಜಪುರವು ಅದರ ಗಡಿಯಾಚೆ ಮೈಸೂರು ಸಂಸ್ಥಾನದಲ್ಲಿತ್ತು. ದಂಡಿನ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷುಗಳು ಮೊಳಗುತ್ತಿದ್ದರೆ ಗಡಿಯ ಈಚೆಗೆ ಸರಕಾರದ ಭಾಷೆ ಕನ್ನಡ. ೧೯೪೮ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಪಕ್ಕದಲ್ಲೇ ಸ್ಥಾಪನೆಯಾಗಿ ದೂರವಾಣಿನಗರವು ಬೆಳೆದಾಗ ನಾನಾ ಪ್ರಾಂತಗಳ ಕುಟುಂಬಗಳು ಬಂದು ನೆಲೆಸಿದವು. ೨೦೦೭ರಲ್ಲಿ ಊರು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ೨೦೨೩ರಲ್ಲಿ ಮೆಟ್ರೋ ರೈಲು ಬಂತು. ಹೀಗಾಗಿ ಇಲ್ಲಿಯ ಒಂದೇ ತರಗತಿಯಲ್ಲಿ ಮನೆಯ ಮಾತು ಕನ್ನಡವಾದ ಮಗುವಿನ ಪಕ್ಕದಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನ ಮಕ್ಕಳು ಕುಳಿತಿರುವುದು ಅಪರೂಪವಲ್ಲ. ಇವರೆಲ್ಲರಿಗೂ ಕನ್ನಡದ ಪೂರ್ಣವಾಕ್ಯವನ್ನು ಗುರುತಿಸುವುದು ಹೇಗೆಂದು ತಿಳಿಸಬೇಕಾಗಿದೆ.

ಪ್ರಾಚೀನ ಕನ್ನಡ ವ್ಯಾಕರಣಗಳಲ್ಲಿ ಇದಕ್ಕೆ ನೇರವಾದ ಉತ್ತರವನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳಿವೆ, ವಾಕ್ಯಪ್ರಕರಣವೆಂಬುದು ಇಲ್ಲ. ಭಟ್ಟಾಕಳಂಕನು ೧೬೦೪ರಲ್ಲಿ ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಶಬ್ದಾನುಶಾಸನವೂ, ಹೆಸರೇ ಹೇಳುವಂತೆ, ಶಬ್ದವನ್ನು ಕುರಿತದ್ದು. ಇದನ್ನು ಆ ಮಹನೀಯರ ಕೊರತೆಯೆಂದು ಭಾವಿಸುವುದು ಸಲ್ಲದು. ಪದವು ಸಾಧುವಾಗಿದ್ದರೆ ವಾಕ್ಯವು ತಾನಾಗಿಯೇ ನಿಲ್ಲುತ್ತದೆಂಬ ಭಾಷೆಯಲ್ಲಿ ಅವರು ಬರೆಯುತ್ತಿದ್ದರು. ಅದು ಹೇಗೆಂಬುದನ್ನು ಮುಂದೆ ನೋಡಬಹುದು.

ವಾಕ್ಯದ ಲಕ್ಷಣವನ್ನು ಕುರಿತ ವಿಚಾರವು ಸಂಸ್ಕೃತ ಶಾಸ್ತ್ರಗಳಲ್ಲಿ ವಿಪುಲವಾಗಿದೆ. ಪಾಣಿನಿಯ ಸೂತ್ರಗಳಿಗೆ ವಾರ್ತಿಕವನ್ನು ಬರೆದ ಕಾತ್ಯಾಯನನು ಒಂದು ಕ್ರಿಯಾಪದವುಳ್ಳದ್ದೇ ವಾಕ್ಯವೆಂದು ರೂಪವನ್ನು ಹಿಡಿದು ಹೇಳಿದನು. ಮೀಮಾಂಸಾಸೂತ್ರಕಾರನಾದ ಜೈಮಿನಿಯು ರೂಪವನ್ನು ಬಿಟ್ಟು ಅರ್ಥವನ್ನು ಹಿಡಿದನು: ಒಟ್ಟಿನಲ್ಲಿ ಒಂದೇ ಅರ್ಥವನ್ನು ಕೊಡುತ್ತ, ಬಿಡಿಸಿದರೆ ಮತ್ತೇನನ್ನೋ ಅಪೇಕ್ಷಿಸುವ ಪದಸಮೂಹವೇ ಅವನ ಮತದಲ್ಲಿ ಒಂದು ವಾಕ್ಯ. ಈ ಅಪೇಕ್ಷೆಗೆ ಶಾಸ್ತ್ರದಲ್ಲಿ ಆಕಾಂಕ್ಷೆಯೆಂದು ಹೆಸರು. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಈ ಮೂರೂ ಕೂಡಿದಾಗಲೇ ವಾಕ್ಯಾರ್ಥವು ತಿಳಿಯುತ್ತದೆಂಬ ಸಿದ್ಧಾಂತವನ್ನು ಅನ್ನಂಭಟ್ಟನ ತರ್ಕಸಂಗ್ರಹವು ಬಾಲಕರಿಗೂ ಎಟಕುವಂತೆ ಹೇಳಿದೆ. ಹಸು, ಕುದುರೆ, ಮನುಷ್ಯ, ಆನೆ ಎಂದು ಸುಮ್ಮನೆ ಹೆಸರುಗಳನ್ನು ಪೋಣಿಸಿದರೆ ಒಂದು ಪದವು ಇನ್ನೊಂದನ್ನು ಬೇಡುವುದಿಲ್ಲವಾದ್ದರಿಂದ ಅಲ್ಲಿ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ನೆನೆಸಬೇಕೆಂದರೆ ಯೋಗ್ಯತೆಯಿಲ್ಲ. ಹಸುವನ್ನು ತಾ ಎಂಬ ಮಾತನ್ನೇ ಒಂದೊಂದು ಪದಕ್ಕೆ ಒಂದೊಂದು ಜಾವ ಬಿಟ್ಟು ಹೇಳಿದರೆ ಸನ್ನಿಧಿಯಿಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆ ಈ ಉದಾಹರಣೆಗಳು ಚಿರಪರಿಚಿತ. ಏಳು ವರ್ಷದ ಮಗುವಿನ ಅಭ್ಯಾಸಕ್ಕೂ ಇವೇ ಸಾಕೆಂಬುದು ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಶಾಸ್ತ್ರವನ್ನು ಓದದ ಮಕ್ಕಳಿಗೂ ಈ ತಿಳಿವಳಿಕೆ ತಲುಪುವ ದಾರಿಯೊಂದು ಇತ್ತು. ಸರಕಾರದ ಶಾಲೆಗಳು ಬರುವುದಕ್ಕೆ ಮೊದಲು ಕನ್ನಡ ನಾಡಿನ ಹಳ್ಳಿಗಳಲ್ಲಿ ಕೂಲಿಮಠಗಳು ನಡೆಯುತ್ತಿದ್ದವು. ಮಠವೆಂಬ ಶಬ್ದಕ್ಕೇ ಶಾಲೆಯೆಂಬ ಅರ್ಥ ನೆಲೆಗೊಂಡಿತ್ತು; ಐಗಳೆಂದರೆ ಉಪಾಧ್ಯಾಯರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ಮಗು ಮುಂದೆ ಕಡತಕ್ಕೆ, ಅಂದರೆ ಇದ್ದಿಲು ಮತ್ತು ಹುಣಿಸೆಬೀಜದ ಸರಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗೆ, ಬರುತ್ತಿತ್ತು. ಅದರ ಮೇಲೆ ಬಳಪದ ಬರಹ. ಕಾಗುಣಿತ, ಒತ್ತಕ್ಷರ, ಮಗ್ಗಿಗಳಾದ ಮೇಲೆ ಅಮರಕೋಶ, ಜೈಮಿನಿ ಭಾರತ ಮುಂತಾದವುಗಳ ಬಾಯಿಪಾಠ. ಈ ಕ್ರಮವನ್ನು ಗಿಳಿಪಾಠವೆಂದು ಹತ್ತೊಂಬತ್ತನೆಯ ಶತಮಾನದ ಅಧಿಕಾರಿಗಳು ಹಳಿದರು. ಆ ದೂಷಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೂ ಅದರ ಒಂದು ಅಂಗವನ್ನು ಅವರು ಸರಿಯಾಗಿ ಗಣಿಸಲಿಲ್ಲ. ಓಲೆಗರಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ, ಅಲ್ಪವಿರಾಮವಿಲ್ಲ, ಪ್ರಶ್ನಾರ್ಥಕ ಚಿಹ್ನೆಯಿಲ್ಲ. ಪದ್ಯದ ಕೊನೆಗೆ ಗೆರೆ ಇದ್ದೀತು. ವಾಕ್ಯದ ಕೊನೆಗೆ ಇರುವುದಿಲ್ಲ. ಷಟ್ಪದಿಯಲ್ಲಂತೂ ವಾಕ್ಯವು ಒಂದು ಪಾದದ ನಡುವೆ ತೊಡಗಿ ಮತ್ತೊಂದರ ನಡುವೆ ಮುಗಿಯುವುದುಂಟು. ಅಂಥ ಬರಹವನ್ನು ಓದಬಲ್ಲವನು ವಾಕ್ಯದ ತುದಿಯನ್ನು ತಾನೇ ಕಂಡುಹಿಡಿಯಬೇಕಾಗಿತ್ತು.

ಅದಕ್ಕೆ ನೆರವಾದದ್ದು ಅನ್ವಯಕ್ರಮ. ಇದರಲ್ಲಿ ಎರಡು ಬಗೆ. ಕರ್ತೃ, ಕರ್ಮ, ಕ್ರಿಯೆಗಳನ್ನು ಸಾಲಾಗಿ ಗದ್ಯದ ಕ್ರಮಕ್ಕೆ ತಂದು ನಿಲ್ಲಿಸುವುದು ದಂಡಾನ್ವಯ. ಮೊದಲು ಕ್ರಿಯಾಪದವನ್ನು ಹಿಡಿದು, ಯಾರು, ಏನನ್ನು, ಯಾವುದರಿಂದ, ಎಲ್ಲಿ, ಎಂಥ ಎಂದು ಒಂದೊಂದೇ ಪ್ರಶ್ನೆ ಹಾಕಿ ಉಳಿದ ಪದಗಳನ್ನು ಅದಕ್ಕೆ ಜೋಡಿಸುತ್ತ ಹೋಗುವುದು ಖಂಡಾನ್ವಯ. ಈ ಎರಡನೆಯ ಕ್ರಮದಲ್ಲಿ ಪ್ರಶ್ನೆಗಳು ತೀರಿದಾಗ ವಾಕ್ಯವು ತೀರುತ್ತದೆ; ಪ್ರಶ್ನೆ ಉಳಿದಿದ್ದರೆ ಪದ ಬಾಕಿಯಿದೆಯೆಂದು ಅರ್ಥ. ಆಕಾಂಕ್ಷೆಯೆಂಬ ಪಾರಿಭಾಷಿಕ ಶಬ್ದವನ್ನು ಒಮ್ಮೆಯೂ ಕೇಳದ ವಿದ್ಯಾರ್ಥಿಗೆ ಆಕಾಂಕ್ಷೆಯನ್ನು ಅಳೆಯುವ ಅಭ್ಯಾಸ ಹೀಗೆ ಬರುತ್ತಿತ್ತು.

ವಚನಗಳ ಓದಿಗೂ ಇದೇ ಕಿವಿ ಬೇಕಾಗಿತ್ತೆಂಬುದು ಇಲ್ಲಿ ಸ್ಮರಣೀಯ. ಇಂದು ಅಚ್ಚಿನಲ್ಲಿ ಕಾಣುವ ವಚನದ ಸಾಲುಗಳ ವಿಂಗಡಣೆ ಸಂಪಾದಕರ ಕೈಕೆಲಸ. ಹಸ್ತಪ್ರತಿಗಳಲ್ಲಿ ವಚನವು ಒಂದೇ ಓಟದಲ್ಲಿ ಬರೆಯಲ್ಪಟ್ಟಿರುತ್ತದೆ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದ ಕಾಲದಿಂದ ಈವರೆಗೆ ಒಂದೇ ವಚನವನ್ನು ಬೇರೆ ಬೇರೆ ಸಂಪಾದಕರು ಬೇರೆ ಬೇರೆಯಾಗಿ ಒಡೆದಿರುವುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಕಂಡಿರಬಹುದು. ಒಂದರ ಮೇಲೊಂದು 'ಆದಡೆ', 'ಇಲ್ಲದಡೆ' ಎಂಬಂಥ ಪಕ್ಷಾರ್ಥಕ ರೂಪಗಳು ಬರುತ್ತಿರುವಾಗ ಕೇಳುವವನ ಮನಸ್ಸು ಮುಂದಿನದಕ್ಕಾಗಿ ಕಾಯುತ್ತದೆ. ಕೊನೆಯ ಕ್ರಿಯೆ ಬಂದು ಅಂಕಿತವು ಕೇಳಿಸಿದಾಗ ಆ ಕಾಯುವಿಕೆ ಇಳಿಯುತ್ತದೆ. ಚುಕ್ಕೆಯ ಹಂಗಿಲ್ಲದೆ ಅಪೂರ್ಣವನ್ನು ಪೂರ್ಣದಿಂದ ಬೇರ್ಪಡಿಸುವ ಶಿಕ್ಷಣ ಅದರಲ್ಲಿಯೇ ಇತ್ತು.

ಇನ್ನು ಕೇಶಿರಾಜನ ಕಾಲದ ಕನ್ನಡಕ್ಕೆ ವಾಕ್ಯಪ್ರಕರಣ ಏಕೆ ಅಷ್ಟಾಗಿ ಬೇಕಾಗಲಿಲ್ಲವೆಂಬ ವಿಚಾರ. ಹಳಗನ್ನಡದಲ್ಲಿ 'ಪೋದ' ಎಂದರೆ ಹೋದಂಥ ಎಂದು ಮುಂದಿನ ನಾಮಪದವನ್ನು ಬೇಡುವ ಕೃದಂತ. 'ಪೋದಂ' ಎಂದರೆ ಅವನು ಹೋದನೆಂದು ಮುಗಿದ ಕ್ರಿಯೆ. 'ಓದಿ' ಎಂದರೆ ಓದಿದ ಬಳಿಕ ಎಂಬ ಅಪೂರ್ಣಕ್ರಿಯೆ. 'ಓದಿಂ' ಎಂದರೆ ನೀವು ಓದಿರಿ ಎಂಬ ವಿಧಿ. ಮುಗಿದದ್ದಕ್ಕೂ ಮುಗಿಯದ್ದಕ್ಕೂ ನಡುವಣ ವ್ಯತ್ಯಾಸ ಕೊನೆಯ ಒಂದು ಬಿಂದುವಿನಲ್ಲಿ ಅಡಗಿತ್ತು. ಪದವನ್ನು ನೋಡಿದ ಮಾತ್ರಕ್ಕೆ ವಾಕ್ಯವು ಮುಗಿದಿದೆಯೇ ಇಲ್ಲವೇ ಎಂದು ಗೊತ್ತಾಗುತ್ತಿತ್ತು. ಬೆಂಗಳೂರಿನ ಸುತ್ತಮುತ್ತ ದೊರೆತಿರುವ ಗಂಗರ ಕಾಲದ ವೀರಗಲ್ಲುಗಳಲ್ಲಿ ವಿರಾಮಚಿಹ್ನೆಗಳಿಲ್ಲದಿದ್ದರೂ, ಕಾಳಗದಲ್ಲಿ ಇಂಥವನು ಸತ್ತನೆಂಬ ಸಂಗತಿ ಅನುಮಾನಕ್ಕೆಡೆಯಿಲ್ಲದೆ ತಿಳಿಯುವುದಕ್ಕೆ ಕ್ರಿಯಾಪದದ ಈ ಮುದ್ರೆಯೂ ಒಂದು ಕಾರಣ.

ಕಾಲಕ್ರಮದಲ್ಲಿ ಈ ಮುದ್ರೆ ಸವೆಯಿತು. 'ಪೋದಂ' ಎಂಬುದು 'ಹೋದನು' ಎಂದಾಗಿ ಬರಹದಲ್ಲಿ ಉಳಿದುಕೊಂಡರೂ ಬೆಂಗಳೂರು, ಮೈಸೂರು ಕಡೆಯ ಆಡುಮಾತಿನಲ್ಲಿ ಅದು 'ಹೋದ' ಆಯಿತು. ಕೃದಂತವೂ 'ಹೋದ' ಆಗಿಯೇ ಇದೆ. 'ಓದಿಂ' ಎಂಬುದು ಬಿಂದುವನ್ನು ಕಳೆದುಕೊಂಡು 'ಓದಿ' ಆಯಿತು, ಅಪೂರ್ಣಕ್ರಿಯೆಯೂ 'ಓದಿ'. ಆದ್ದರಿಂದ ಇಂದು ಹಲಗೆಯ ಮೇಲೆ 'ರಾಮು ಹೋದ' ಎಂದಷ್ಟೇ ಬರೆದರೆ ಅದು ಮುಗಿದ ವಾಕ್ಯವೋ, 'ರಾಮು ಹೋದ ದಾರಿ' ಎಂಬುದರ ತುಂಡೋ ಎಂದು ಕಣ್ಣು ಹೇಳಲಾರದು. 'ಪಾಠವನ್ನು ಓದಿ' ಎಂಬುದು ಗುರುಗಳ ಅಪ್ಪಣೆಯಾದರೆ ಪೂರ್ಣ. 'ಪಾಠವನ್ನು ಓದಿ ಮಲಗಿದನು' ಎಂಬುದರ ಭಾಗವಾದರೆ ಅಪೂರ್ಣ. ಪಠ್ಯಪುಸ್ತಕದ ಅಭ್ಯಾಸಗಳಲ್ಲಿಯೇ 'ಓದಿ ಉತ್ತರಿಸಿ' ಎಂಬ ಸೂಚನೆ ಬರುತ್ತದೆ. ಅದರಲ್ಲಿ ಮೊದಲನೆಯದು ಅಪೂರ್ಣಕ್ರಿಯೆ, ಎರಡನೆಯದು ವಿಧಿರೂಪ. ಎರಡಕ್ಕೂ ಒಂದೇ ಇಕಾರದ ಕೊನೆ! ಸ್ತ್ರೀಲಿಂಗದಲ್ಲಿ 'ಹೋದಳು', ನಪುಂಸಕದಲ್ಲಿ 'ಹೋಯಿತು', ಬಹುವಚನದಲ್ಲಿ 'ಹೋದರು' ಎಂಬವು ಕೃದಂತದೊಡನೆ ಬೆರೆಯುವುದಿಲ್ಲವಾದ್ದರಿಂದ ಅಲ್ಲಿ ತೊಡಕಿಲ್ಲ. ಗಂಡು ಮಕ್ಕಳ ಕಥೆಯಲ್ಲಿ ಮಾತ್ರ ಈ ಗೊಂದಲ ಕಾಣಿಸಿಕೊಳ್ಳುವುದು ವ್ಯಾಕರಣದ ಒಂದು ವಿನೋದವೆನ್ನಬಹುದು. ಹಿಂದಿನ ಉಪಾಧ್ಯಾಯರು ಬರಹದಲ್ಲಿ 'ಹೋದನು', 'ಬಂದನು' ಎಂದೇ ಬರೆಯಬೇಕೆಂದು ಪಟ್ಟು ಹಿಡಿಯುತ್ತಿದ್ದುದನ್ನು ಕೇವಲ ಗ್ರಾಂಥಿಕ ಮೋಹವೆಂದು ತಳ್ಳಿಹಾಕುವಂತಿಲ್ಲ. ಆ 'ನು' ಹಳೆಯ ಬಿಂದುವಿನ ಕೆಲಸವನ್ನೇ ಮಾಡುತ್ತಿದೆ.

ಬರಹದಲ್ಲಿ ಕಳೆದುಹೋದ ಈ ವ್ಯತ್ಯಾಸವು ಉಚ್ಚಾರಣೆಯಲ್ಲಿ ಉಳಿದಿದೆ. ಮುಗಿದ 'ಹೋದ' ಎಂಬಲ್ಲಿ ದನಿ ಇಳಿಯುತ್ತದೆ. 'ಹೋದ ದಾರಿ' ಎಂಬಲ್ಲಿ ಮುಂದಿನ ಪದಕ್ಕೆ ಅಂಟಿಕೊಂಡು ಸಾಗುತ್ತದೆ. ಮನೆಯಲ್ಲಿ ಕಥೆ ಕೇಳಿದ ಮೂರು ವರ್ಷದ ಮಗುವಿಗೂ ಈ ಭೇದ ಗೊತ್ತಿರುತ್ತದೆ. ಅಜ್ಜಿಯು 'ರಾಜನು ಕಾಡಿಗೆ ಹೋಗಿ' ಎಂದು ನಿಲ್ಲಿಸಿದರೆ ಮಗು 'ಹೋಗಿ?' ಎಂದು ಮುಂದಿನದನ್ನು ಕೇಳಿಯೇ ಕೇಳುತ್ತದೆ. ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತಿ ಪಡೆದವರು ಈ ನಾಡಿನ ಜನರೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನು ಹೊಗಳಿದ್ದು ಇಂಥ ಕಿವಿಯನ್ನು ಕಂಡೇ ಇರಬೇಕು.

ಅಚ್ಚಿನ ಯುಗದಲ್ಲಿ ಇದೆಲ್ಲ ಬೇರೆ ಹಾದಿ ಹಿಡಿಯಿತು. ವಿಲಿಯಂ ಕೇರಿಯ ಕರ್ಣಾಟ ವ್ಯಾಕರಣವು ೧೮೧೭ರಲ್ಲಿ ಸೇರಾಂಪುರದಲ್ಲಿ ಹೊರಬಂತು. ಕೃಷ್ಣಮಾಚಾರ್ಯರ ಹೊಸಗನ್ನಡ ನುಡಿಗನ್ನಡಿ ೧೮೩೮ರದು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನನ ವ್ಯಾಕರಣವು ೧೮೫೯ರಲ್ಲಿ ಬೆಂಗಳೂರಿನಲ್ಲಿಯೇ ಮುದ್ರಣವಾಯಿತು. ಕಿಟ್ಟೆಲರ ದೊಡ್ಡ ವ್ಯಾಕರಣ ೧೯೦೩ರದು. ವಿದೇಶೀಯರು ಬರೆದ ವ್ಯಾಕರಣಗಳು ಕನ್ನಡವನ್ನು ಹೊಸದಾಗಿ ಕಲಿಯಬೇಕಾದ ಪರಭಾಷಿಕರಿಗಾಗಿ ಮುಖ್ಯವಾಗಿ ರಚಿತವಾದವುಗಳೆಂಬುದನ್ನು ಮರೆಯಬಾರದು. ಮಂಗಳೂರ ಸಮಾಚಾರದ (೧೮೪೩) ಕಾಲದಿಂದ ಪತ್ರಿಕೆಗಳೂ ಪಠ್ಯಪುಸ್ತಕಗಳೂ ಬೆಳೆದಂತೆ ಪದಗಳ ನಡುವಣ ತೆರಪು, ಅಲ್ಪವಿರಾಮ, ಪೂರ್ಣವಿರಾಮಗಳು ಕನ್ನಡ ಬರಹದ ಅಂಗಗಳಾದವು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಮೈಸೂರು ಸಂಸ್ಥಾನದಲ್ಲಿ ೧೮೫೭ರಲ್ಲಿ ವಿದ್ಯಾ ಇಲಾಖೆ, ೧೮೬೮ರಲ್ಲಿ ಬಿ. ಎಲ್. ರೈಸರ ಹೋಬಳಿ ಶಾಲೆಗಳ ಯೋಜನೆ, ೧೯೧೩ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದು ಕೂಲಿಮಠಗಳು ಹಿಂದೆ ಸರಿದವು. ಅವುಗಳ ಜೊತೆಗೆ ಪ್ರಶ್ನೆ ಹಾಕಿ ಅನ್ವಯ ಮಾಡಿಸುವ ಪದ್ಧತಿಯೂ ಕೆಳಗಿನ ತರಗತಿಗಳಿಂದ ಮರೆಯಾಗಿ, ಹಳಗನ್ನಡ ಪದ್ಯ ಓದುವ ಮೇಲಿನ ತರಗತಿಗಳಿಗೆ ಸೀಮಿತವಾಯಿತು. ಅದರ ಸ್ಥಾನಕ್ಕೆ ಇಂಗ್ಲಿಷ್ ವ್ಯಾಕರಣದ ವ್ಯಾಖ್ಯೆಗಳು ಬಂದವು. ಸಾಮಾನ್ಯವಾಕ್ಯ, ಸಂಯೋಜಿತವಾಕ್ಯ, ಮಿಶ್ರವಾಕ್ಯ ಎಂಬ ವಿಂಗಡಣೆಯೂ, ಕರ್ತೃಪದ ಮತ್ತು ಕ್ರಿಯಾಪದಗಳೆರಡೂ ಇದ್ದರೆ ಮಾತ್ರ ಪೂರ್ಣವಾಕ್ಯವೆಂಬ ನಿಯಮವೂ 'ಪೂರ್ಣವಿರಾಮವನ್ನು ಹಾಕಿ' ಎಂಬ ಸೂಚನೆಯೂ ಈ ದಾರಿಯಿಂದ ಬಂದವು.

ಈ ನಿಯಮವನ್ನು ಕೃಷ್ಣರಾಜಪುರದ ಮಗುವಿನ ಮಾತಿಗೆ ಹೊಂದಿಸಿ ನೋಡಬಹುದು. 'ನಮ್ಮ ಊರು ಕೃಷ್ಣರಾಜಪುರ' ಎಂದು ಮಗು ಬರೆಯುತ್ತದೆ. ಕ್ರಿಯಾಪದವಿಲ್ಲ, ನಿಯಮದಂತೆ ಅಪೂರ್ಣ. ಆದರೆ ಕನ್ನಡದಲ್ಲಿ ಇದಕ್ಕಿಂತ ಪೂರ್ಣವಾದ ವಾಕ್ಯವಿಲ್ಲ. ಮೆಟ್ರೋ ರೈಲಿನಲ್ಲಿ 'ಮುಂದಿನ ನಿಲ್ದಾಣ' ಎಂದು ಹೇಳಿ ಊರಿನ ಹೆಸರನ್ನು ನುಡಿದಾಗ ಪ್ರಯಾಣಿಕರು ಕ್ರಿಯಾಪದಕ್ಕಾಗಿ ಕಾಯುವುದಿಲ್ಲ. ಕ್ರಿಯಾಪದವನ್ನು ಬಾಯಿಬಿಟ್ಟು ಹೇಳದಿದ್ದರೂ 'ಇದೆ' ಎಂಬರ್ಥದ ಕ್ರಿಯೆಯನ್ನು ಅಧ್ಯಾಹಾರ ಮಾಡಿಕೊಳ್ಳಬೇಕೆಂದು ಕಾತ್ಯಾಯನನೇ ಒಪ್ಪಿದ್ದಾನೆ. ಕನ್ನಡದಲ್ಲಿ ಆ ಅಧ್ಯಾಹಾರವೂ ಅಷ್ಟಾಗಿ ಬೇಡ. ಎರಡು ನಾಮಪದಗಳು ಎದುರುಬದುರಾಗಿ ನಿಂತರೆ ಸಾಕು. ಇನ್ನೊಂದು ಮಗು 'ಎಲ್ಲಿಂದ ಬಂದೆ?' ಎಂಬುದಕ್ಕೆ 'ಶಾಲೆಯಿಂದ ಬಂದೆ' ಎನ್ನುತ್ತದೆ. ಕರ್ತೃಪದವಿಲ್ಲವೆಂದು ಅದನ್ನು ಹೊಡೆದುಹಾಕಿದರೆ 'ಬಂದೆ' ಎಂಬುದರ ಕೊನೆಯ ಎಕಾರದಲ್ಲಿಯೇ 'ನಾನು' ಕುಳಿತಿರುವುದನ್ನು ಕಾಣದೆ ಹೋದಂತಾಯಿತು. ಇದಕ್ಕೆ ಪ್ರತಿಯಾಗಿ 'ರಾಮು ಶಾಲೆಗೆ ಹೋಗಿ' ಎಂಬಲ್ಲಿ ಕರ್ತೃವಿದ್ದಾನೆ, ಹೋಗುವ ಕ್ರಿಯೆಯೂ ಇದೆ, ಬೇಕಾದರೆ ಕೊನೆಗೊಂದು ಚುಕ್ಕೆಯನ್ನೂ ಇಡಬಹುದು. ಆದರೂ ಅದು ಅಪೂರ್ಣವೇ. ಕನ್ನಡಕ್ಕೆ ಕನ್ನಡದ ಸ್ವಭಾವವನ್ನು ಅನುಸರಿಸಿದ ವ್ಯಾಕರಣ ಬೇಕೆಂದು ಡಿ. ಎನ್. ಶಂಕರಭಟ್ಟರಂಥ ಭಾಷಾವಿಜ್ಞಾನಿಗಳು ವಾದಿಸಿದ್ದು ಪಂಡಿತರ ಚರ್ಚೆಯಾಗಿಯೇ ಉಳಿದಿದೆ; ಅದರ ಬಿಸಿ ಮೊದಲು ತಟ್ಟಬೇಕಾದದ್ದು ಈ ಎಳೆಯರ ಅಭ್ಯಾಸಪುಸ್ತಕಕ್ಕೆ.

ನಾಲ್ಕಾರು ಮನೆಮಾತುಗಳ ತರಗತಿಯಲ್ಲಿ ಈ ಪಾಠ ಮತ್ತಷ್ಟು ಕಠಿನವೆಂದು ತೋರಬಹುದು. ವಾಸ್ತವವಾಗಿ ಅರ್ಧ ಕೆಲಸ ಮನೆಯಲ್ಲಿಯೇ ಮುಗಿದಿರುತ್ತದೆ. 'ಬಂದು' ಎಂಬುದಕ್ಕೆ ತೆಲುಗಿನ ಮಗುವಿನ ಬಾಯಲ್ಲಿ 'ವಚ್ಚಿ', ತಮಿಳಿನ ಮಗುವಿನ ಬಾಯಲ್ಲಿ 'ವಂದು', ಉರ್ದುವಿನಲ್ಲಿ 'ಆಕರ್'. ನಾಲ್ಕೂ ನುಡಿಗಳಲ್ಲಿ ಈ ರೂಪವು ಮುಂದಿನ ಕ್ರಿಯೆಗಾಗಿ ಕಾಯುತ್ತದೆ. ನಾಲ್ಕರಲ್ಲಿಯೂ ಮುಗಿಸುವ ಕ್ರಿಯೆ ಕೊನೆಯಲ್ಲಿ ಬರುತ್ತದೆ. ಊರಿನ ಹೆಸರು ಹೇಳುವ ವಾಕ್ಯವು ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಕನ್ನಡದಂತೆಯೇ ಕ್ರಿಯಾಪದವಿಲ್ಲದೆ ಮುಗಿಯುತ್ತದೆ. ಉರ್ದು ಮತ್ತು ಹಿಂದಿಗಳಿಗೆ ಮಾತ್ರ ಕೊನೆಯಲ್ಲಿ 'ಹೈ' ಬೇಕು. ಆ ಮಗು 'ನಮ್ಮ ಊರು ಕೃಷ್ಣರಾಜಪುರ ಇದೆ' ಎಂದು ಬರೆದರೆ ಅದಕ್ಕೆ ಅಜ್ಞಾನವು ಕಾರಣವಲ್ಲ, ಮನೆಮಾತಿನ ಋಣವೇ ಕಾರಣ. ತೊಡಕು ಬೇರೊಂದು ಕಡೆ ಇದೆ. ಹೋದನೆಂಬುದಕ್ಕೂ ಹೋದಂಥ ಎಂಬುದಕ್ಕೂ ತಮಿಳಿನಲ್ಲಿ 'ಪೋನಾನ್', 'ಪೋನ' ಎಂದೂ, ತೆಲುಗಿನಲ್ಲಿ 'ವೆಳ್ಳಾಡು', 'ವೆಳ್ಳಿನ' ಎಂದೂ ಬೇರೆ ಬೇರೆ ರೂಪಗಳಿವೆ. ಬಹುವಚನದ ವಿಧಿರೂಪವೂ ಅಪೂರ್ಣಕ್ರಿಯೆಯೂ ಆ ಭಾಷೆಗಳಲ್ಲಿ ಬೆರೆತಿಲ್ಲ. ಅಂದರೆ 'ರಾಮು ಹೋದ', 'ಪಾಠವನ್ನು ಓದಿ' ಎಂಬ ಇಬ್ಬಗೆಯ ರೂಪಗಳು ಕನ್ನಡವು ತನ್ನ ಬಿಂದುವನ್ನು ಕಳೆದುಕೊಂಡದ್ದರ ಫಲ. ಹೊರಗಿನಿಂದ ಬಂದ ಮಗುವಿಗೆ ನಿಜವಾಗಿ ಹೊಸದು ಇದೊಂದೇ. ಸಾಮಾನ್ಯವಾಗಿ ಅಭ್ಯಾಸಗಳಲ್ಲಿ ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಲಾಗುತ್ತದೆ.

೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ೨೦೦೯ರ ಹೊತ್ತಿಗೆ ರಾಜ್ಯದ ಸರಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿದ ನಲಿಕಲಿ ಪದ್ಧತಿಯು ಈ ದೃಷ್ಟಿಯಿಂದ ಒಂದು ಅವಕಾಶವನ್ನು ತೆರೆದಿದೆ. ಅಕಾರಾದಿ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗಿ ಅವುಗಳಿಂದಲೇ ಗರಗಸ, ಅರಸ, ಸರ ಮುಂತಾದ ಪದಗಳನ್ನು ಕಟ್ಟಿಸುವ ಈ ಕ್ರಮದಲ್ಲಿ ಮಗು ಬಹು ಬೇಗ ಪದಕ್ಕೂ ಅಲ್ಲಿಂದ ವಾಕ್ಯಕ್ಕೂ ಬರುತ್ತದೆ. ಈ ಐದೇ ಅಕ್ಷರಗಳಲ್ಲಿ 'ಸರದ ದರ' ಎಂದು ಬರೆಯಲು ಸಾಧ್ಯ. ಅದನ್ನು ಗಟ್ಟಿಯಾಗಿ ಓದಿ ಉಪಾಧ್ಯಾಯರು ಸುಮ್ಮನಾದರೆ, ಮನೆಮಾತು ಯಾವುದೇ ಇರಲಿ, ತರಗತಿಯ ಯಾವುದಾದರೊಂದು ಮೂಲೆಯಿಂದ 'ಎಷ್ಟು?' ಎಂಬ ಪ್ರಶ್ನೆ ಬರುತ್ತದೆ. ಖಂಡಾನ್ವಯದ ಪ್ರಶ್ನೆಯಿದು, ಜೈಮಿನಿಯು ಹೇಳಿದ ಆಕಾಂಕ್ಷೆಯೂ ಇದೇ. 'ಸರದ ದರ ಹತ್ತು' ಎಂದ ಕೂಡಲೇ ಆ ಪ್ರಶ್ನೆ ಅಡಗುತ್ತದೆ. ಕ್ರಿಯಾಪದ ಬಂದಿಲ್ಲ, ಚುಕ್ಕೆಯ ಪಾಠ ಇನ್ನೂ ಆಗಿಲ್ಲ, ವಾಕ್ಯ ಮುಗಿದಿದೆ.